ಹಿಂಬದಿಯ ಲೆಕ್ಕ

ಎರಡೂ ಬದಿಯಿಂದ ಕರೆಂಟು ಕೊಡುವ ಸೋಲಾರ್ ಪ್ಯಾನೆಲ್‌ಗಳನ್ನು ಅಳೆದು, ಇಷ್ಟು ಶಕ್ತಿಯದು ಎಂದು ಮುದ್ರೆ ಒತ್ತುವುದು ಗುರುಬಸವನ ಕೆಲಸ. ಮುಂಬದಿಗೆ ಬಿಸಿಲು ನೇರ ಬೀಳುತ್ತದೆ, ಹಿಂಬದಿಗೆ ನೆಲದಿಂದ ಚಿಮ್ಮುವ ಬೆಳಕೇ ಗತಿ. ನೆಲ ಬೆಳ್ಳಗಿದ್ದಷ್ಟೂ ಲಾಭ ಎಂದು ಕಂಡಕಂಡವರಿಗೆಲ್ಲ ಪಾಠ ಹೇಳುವವನೂ ಅವನೇ. ಬಿಸಿಲಿಗೆ ಹೋಗುವುದೆಂದರೆ ಮಾತ್ರ ಅವನಿಗಾಗದು. ಪ್ಯಾನೆಲ್ ಬಯಲಿನಲ್ಲಿ, ಅವನು ಫ್ಯಾನಿನ ಕೆಳಗೆ, ಕಂಪ್ಯೂಟರಿನ ಮುಂದೆ.

ಅಂದು ಬೆಳಗ್ಗೆ ಹಿಂಬದಿಯ ಅಂಕಿ ಏಕಾಏಕಿ ದುಪ್ಪಟ್ಟಾಯಿತು, ಮಧ್ಯಾಹ್ನ ಕಳೆದರೂ ಇಳಿಯಲಿಲ್ಲ. ಹಿಂದಿನ ಸಂಜೆ ತಾನು ಆಳುಗಳಿಗೆ ಹೇಳಿ ಪ್ಯಾನೆಲನ್ನು ಬೆರಳಗಲ ಎತ್ತರಿಸಿದ್ದು ನೆನಪಾಗಿ ಅವನ ಎದೆ ಉಬ್ಬಿತು. ತಕ್ಷಣ ಮ್ಯಾನೇಜರಿಗೆ ಫೋನು ಮಾಡಿದ.

“ಬೆರಳಗಲ ಎತ್ತರಿಸಿದೆ ಅಷ್ಟೇ ಸಾರ್. ದುಪ್ಪಟ್ಟು!”

“ಹೋಗಿ ಕಣ್ಣಾರೆ ನೋಡಿದೆಯೇನಯ್ಯಾ? ಗಿರಾಕಿಗಳು ಎದುರಿಗೇ ಕೂತಿದ್ದಾರೆ. ಮಾತು ಕೊಟ್ಟಮೇಲೆ ನನ್ನ ಮಾನ ಹೋಗಬಾರದು.”

“ಬೆಳಗ್ಗೆಯಿಂದ ಅದರ ಪಕ್ಕದಲ್ಲೇ ನಿಂತಿದ್ದೀನಿ ಸಾರ್. ಸುತ್ತ ಬರೀ ಕೆಮ್ಮಣ್ಣು.”

“ಸರಿ, ಮಾತು ಕೊಟ್ಟೆ.”

“ಈ ವಿಧಾನಕ್ಕೆ ನನ್ನ ಹೆಸರೇ ಇಟ್ಟರೂ ನನಗೇನೂ ಬೇಜಾರಿಲ್ಲ ಸಾರ್,” ಎಂದು ಗುರುಬಸವ ನಾಚಿಕೊಂಡ.

ಫೋನಿಟ್ಟು, ಗೋಡೆಯ ಕನ್ನಡಿಯಲ್ಲಿ ಆ ಮಹಾವಿಜ್ಞಾನಿಯನ್ನು ಕಣ್ತುಂಬ ನೋಡಿಕೊಂಡು ತಿರುಗುವಷ್ಟರಲ್ಲಿ ಅಂಕಿ ಮೊದಲಿನ ಜಾಗಕ್ಕೇ ಇಳಿದಿತ್ತು. ಅಡುಗೆಯ ಓಬಕ್ಕ ಕಂಕುಳಲ್ಲಿ ಬಟ್ಟೆಗಂಟು ಇಟ್ಟುಕೊಂಡು ಒಳಗೆ ಬಂದಳು.

“ನೀವು ಕೇಳಿದ್ ಸಂಡಿಗೆ ಒಣಗವೆ ಸಾ. ನಿಮ್ಮ ಬಿಳೀ ಪಂಚೆಗಳ್ನೆಲ್ಲ ಆ ಪ್ಯಾನೆಲ್ ಹಿಂದ್ಗಡೆ ಹಾಸಿ ಇಟ್ಟಿದ್ದೆ. ಆ ಕಡೀಕೆ ಮೇಕೇನೂ ಬರಲ್ಲ, ನೀವೂ ಬರಲ್ಲ.”