ಬಿಡು

"ಬಿಡು" ಎಂದಳು ಪ್ರಾಜಕ್ತಾ. ತಮ್ಮ ಕೌಸ್ತುಭ ಸ್ವಿಚ್ ಒತ್ತಿ ಕರೆಂಟು ಬಿಟ್ಟ. ಊಟದ ಮೇಜಿಗೆ ಬಿಗಿದಿದ್ದ ಮೋಟರು ಚಕ್ರವನ್ನು ಸದ್ದಿಲ್ಲದೆ ತಿರುಗಿಸತೊಡಗಿತು.

ಮಾದಾಪುರದ ಆಫೀಸಿನಲ್ಲಿ ರೋಬೊಗಳಿಗಾಗಿ ಅವಳು ದಿನವೂ ಮಾಡುವ ಪರೀಕ್ಷೆಯೇ. ಆದರೆ ಇಂದು ಮೇಜಿನ ಮೇಲಿದ್ದ ಮೋಟರಿನ ವೇಗ ಹಿಡಿತದಲ್ಲಿಡುವ ಎರಡು ಸ್ಪೀಡ್ ಕಂಟ್ರೋಲರುಗಳಲ್ಲಿ ಒಂದು ತಾಯಿ ಗೋದಾಬಾಯಿಯ ಗಾಲಿಕುರ್ಚಿಗೆ ಹೋಗಬೇಕಿತ್ತು. ತಾರ್ನಾಕದ ಅವರ ಮನೆಯ ಬಾಗಿಲಿನಿಂದ ಗೇಟಿನವರೆಗೆ ಇಳಿಜಾರು. ಗೇಟು ದಾಟಿದರೆ ರಸ್ತೆ. ಇಂದು ಸಂಜೆ ಒಬ್ಬಳೇ ಇಳಿಯುತ್ತೇನೆಂದು ಅವ್ವ ಕೈಸನ್ನೆಯಲ್ಲೇ ಹಟ ಹಿಡಿದಿದ್ದಳು. ಲಕ್ವಾ ಹೊಡೆದು ಬಲಮೈ ಸೋತ ಮೇಲೆ ಅವಳ ಬಾಯಲ್ಲಿ ಉಳಿದದ್ದು ಒಂದೇ ಮಾತು: ಬಿಡು. ನೀರು ಬೇಕಾದರೂ ಅದೇ, ಸಿಟ್ಟು ಬಂದರೂ ಅದೇ.

ಕಪ್ಪು ಕಂಟ್ರೋಲರು ತಣ್ಣಗಿತ್ತು, ನಯವಾಗಿ ಓಡಿಸುತ್ತಿತ್ತು. ಬಿಳಿಯದು ಕಿರುಗುಟ್ಟುತ್ತ ಮುಗ್ಗರಿಸುತ್ತಿತ್ತು.

"ಕರೇದೇ ಹಾಕೂಣು ಅಕ್ಕಾ. ಬಿಳೇದು ಮುದಿ ಆಟೋದಂಗ ಒದರ್ತದ."

"ತಡಿ. ನಡುದಾರ್ಯಾಗ ವಾಯರ್ ಕಿತ್ತು ಹೋದ್ರ ಏನ್ ಮಾಡ್ತದ, ನೋಡೂಣು."

ಬಗ್ಗಿ, ಕುರ್ಚಿ ನಡೆಸುವ ಜಾಯ್‌ಸ್ಟಿಕ್ಕಿನ ವಾಯರನ್ನು ಕಪ್ಪು ಕಂಟ್ರೋಲರಿನಿಂದ ಕಿತ್ತಳು. ಚಕ್ರ ನಿಲ್ಲಲಿಲ್ಲ. ಅದೇ ವೇಗದಲ್ಲಿ ತಿರುಗುತ್ತಲೇ ಇತ್ತು. ಕೊರಳಿಗೆ ಸುತ್ತಿದ್ದ ಓಢಣಿಯ ಜಾರಿದ ಅಂಚು ಅದಕ್ಕೆ ಸಿಕ್ಕಿತು.

"ಬಿಡು, ಬಿಡು" ಎಂದು ಚೀರಿದಳು. ನಿಲ್ಲಿಸು ಎಂಬರ್ಥದಲ್ಲಿ. ಬೆಳಗಿನಿಂದ ಕೌಸ್ತುಭನ ಕಿವಿಗೆ ಆ ಮಾತಿಗಿದ್ದದ್ದು ಒಂದೇ ಅರ್ಥ. ಅವನು ಕರೆಂಟು ಏರಿಸುವ ಗುಂಡಿಯನ್ನು ಪೂರ್ತಿ ತಿರುಗಿಸಿದ. ಓಢಣಿ ಅಕ್ಕನ ಮುಖವನ್ನು ಮೇಜಿನತ್ತ ಎಳೆಯಿತು.

ಚಕ್ರ ಒಮ್ಮೆಲೇ ನಿಂತಿತು. ಗೋಡೆಯ ಬದಿ ಕೂತಿದ್ದ ಗೋದಾಬಾಯಿಯ ಎಡಗೈಯಲ್ಲಿ ಕಿತ್ತ ಪ್ಲಗ್ ತೂಗುತ್ತಿತ್ತು.

"ನೀನೇ ಬಿಡು ಅಂದಿ" ಎಂದ ಕೌಸ್ತುಭ.

"ಹೌದು. ನಾನೇ ಅಂದೆ." ಕುತ್ತಿಗೆಯ ಕೆಂಪು ಗೆರೆಯನ್ನು ಸವರಿಕೊಂಡು ಅವಳು ಬಿಳಿಯದನ್ನು ಜೋಡಿಸಿ ಮತ್ತೆ ಪ್ಲಗ್ ಹಾಕಿದಳು, ಚಕ್ರ ತಿರುಗಿದೊಡನೆ ವಾಯರು ಕಿತ್ತಳು. ಯಾರೂ ಏನೂ ಹೇಳದೆಯೇ ಚಕ್ರ ನಿಂತಿತು. ಅದನ್ನೇ ಕುರ್ಚಿಗೆ ಬಿಗಿದರು.

ಸಂಜೆ ಕುರ್ಚಿ ಇಳಿಜಾರಿನ ಮೇಲ್ತುದಿಯಲ್ಲಿತ್ತು. ಗೇಟಿನಾಚೆ ಬಸ್ಸೊಂದು ಹಾರ್ನ್ ಹೊಡೆಯಿತು. ಕೌಸ್ತುಭ ಹಿಂದಿನ ಹಿಡಿಯನ್ನು ಬಿಗಿಯಾಗಿ ಹಿಡಿದಿದ್ದ.

"ಬಿಡು" ಎಂದಳು ಗೋದಾಬಾಯಿ.

"ಏನಂದ್ಳು ಅಕ್ಕಾ? ಬ್ಯಾಡ ಅಂದ್ಳೋ, ನಡಿ ಅಂದ್ಳೋ?"

ಜಾಯ್‌ಸ್ಟಿಕ್ಕಿನ ಮೇಲಿದ್ದ ಅವ್ವನ ಎಡಗೈ ಹಿಂದಕ್ಕೆ ಬಂದು, ಅವನ ಬೆರಳುಗಳನ್ನು ಒಂದೊಂದಾಗಿ ಹಿಡಿಯಿಂದ ಬಿಡಿಸತೊಡಗಿತು.