ಕೊನೆಯ ಅಂಕ

ನಾಗವೇಣಿಯ ಅಪ್ಪ ಓಡಿಸುತ್ತಿದ್ದ ಲಾರಿ ಮಗುಚಿ ಅವರು ತೀರಿಕೊಂಡಿದ್ದಾರೆ ಎಂದು ಪ್ರಿನ್ಸಿಪಾಲರು ಮೇಷ್ಟ್ರಿಗೆ ತಿಳಿಸಿದಾಗ ಮೂರು ಗಂಟೆ. "ಅವಳ ಚಿಕ್ಕಪ್ಪ ಬರೋವರೆಗೆ ಏನಾದರೂ ಪಾಠ ಮಾಡ್ತಾ ಇರಿ. ಆಮೇಲೆ ನೀವೇ ಹೇಳಿಬಿಡಿ."

ಮೇಷ್ಟ್ರು ಖಾಲಿ ತರಗತಿಯಲ್ಲಿ ಅವಳೊಬ್ಬಳನ್ನೇ ಕೂರಿಸಿಕೊಂಡು, ಪಿಯುಸಿಗಿದ್ದ ಹಳೆಯ ದುರಂತ ನಾಟಕದ ಕೊನೆಯ ಅಂಕ ತೆರೆದರು. ಯುದ್ಧದಲ್ಲಿ ರಾಜಕುಮಾರ ಸತ್ತ ಸುದ್ದಿ ಹೊತ್ತ ದೂತ ರಾಣಿಯ ಮುಂದೆ ಬಂದು ನಿಲ್ಲುವ ದೃಶ್ಯ ಅದು.

"ಸರ್, ಇವನು ಕುದುರೆ, ಗಾಳಿ, ಹೊಳೆ ಅಂತ ಏನೇನೋ ಮಾತಾಡ್ತಾನೆ. ನೇರವಾಗಿ ಯಾಕೆ ಹೇಳಲ್ಲ?"

"ಹೇಳೋವರೆಗೂ ರಾಣಿಯ ಪಾಲಿಗೆ ಮಗ ಬದುಕಿರ್ತಾನಲ್ಲ, ಅದಕ್ಕೆ."

ಅವಳು ಅದನ್ನು ಪುಟದ ಅಂಚಿನಲ್ಲಿ ಬರೆದುಕೊಂಡಳು. ಪರೀಕ್ಷೆಗೆ ಬರುತ್ತದೆಯೇ ಎಂದು ಕೇಳಿದಳು. ಬರಬಹುದು ಎಂದು ಮೇಷ್ಟ್ರು ಓದುತ್ತಾ ಹೋದರು. ಅವರ ದನಿ ಅವರಿಗೇ ಬೇರೆ ಯಾರದೋ ದನಿಯಂತೆ ಕೇಳುತ್ತಿತ್ತು.

ಗೇಟಿನ ಬಳಿ ಆಟೊ ನಿಂತು ಚಿಕ್ಕಪ್ಪ ಇಳಿದದ್ದು ಕಿಟಕಿಯಿಂದ ಕಾಣಿಸಿತು. ಮೇಷ್ಟ್ರು ಪುಸ್ತಕ ಮುಚ್ಚಿದರು.

"ನಾಗವೇಣಿ, ನಿಮ್ಮಪ್ಪ..."

"ಹನ್ನೊಂದು ಗಂಟೆಗೇ ಅಕ್ಕ ಫೋನ್ ಮಾಡಿ ಹೇಳಿದ್ಲು, ಸರ್. ಇನ್ನೆರಡು ಪುಟ ಇದೆ, ಓದಿ."