ಕಾವಿಗೆ ಕೂತ ಕೋಳಿ

ನಕ್ಷತ್ರ ಹುಟ್ಟಬೇಕಾದ ಮೋಡವನ್ನು ತಣ್ಣಗಿಡುವುದು ಪುಟ್ಟಸಿದ್ದಮ್ಮನ ಕೆಲಸ. ಮೋಡ ಬೆಚ್ಚಗಾದರೆ ಒಳಕ್ಕೆ ಕುಸಿಯುವುದಿಲ್ಲ, ಕುಸಿಯದಿದ್ದರೆ ನಕ್ಷತ್ರವಾಗುವುದಿಲ್ಲ. ಅದಕ್ಕೇ ಮೋಡದ ನಡುವಿನ ಗುಡಿಸಲಲ್ಲಿ ಅವಳು ಮೂವತ್ತು ವರ್ಷ ಒಲೆ ಹಚ್ಚದೆ, ಹೊರಗಿನಿಂದ ಬರುವ ತಂಗಳು ಮುದ್ದೆಯನ್ನೇ ಉಂಡುಕೊಂಡಿದ್ದಳು.

ಕುಸಿತ ಶುರುವಾಗಬೇಕಿದ್ದ ದಿನ ಬೆಳಿಗ್ಗೆ ಇನ್ಸ್‌ಪೆಕ್ಟರ್ ವಾಮನಮೂರ್ತಿ ಥರ್ಮಾಮೀಟರ್ ಹಿಡಿದು ಬಂದರು.

“ಕಾಲು ಡಿಗ್ರಿ ಜಾಸ್ತಿ ತೋರಿಸ್ತಿದೆಯಲ್ಲಮ್ಮಾ! ಒಲೆ ಹಚ್ಚಿದ್ರಾ?”

“ಅಯ್ಯೋ, ನಾನ್ಯಾಕೆ ಹಚ್ಚಲಿ ಸ್ವಾಮಿ?”

ಅಷ್ಟರಲ್ಲಿ ಮಂಚದ ಕೆಳಗಿನ ಬುಟ್ಟಿ ಕೊಕ್ ಎಂದಿತು. ವಾಮನಮೂರ್ತಿ ಬಗ್ಗಿ ನೋಡಿದರು. ಏಳು ಮೊಟ್ಟೆಗಳ ಮೇಲೆ ಕೋಳಿಯೊಂದು ಗತ್ತಿನಿಂದ ಕೂತಿತ್ತು.

“ಕಾವಿಗೆ ಕೂತದೆ ಸ್ವಾಮಿ. ಇನ್ನು ಮೂರೇ ದಿನ. ಲಕ್ಷ ವರ್ಷ ಕಾದಿರೋ ಮೋಡಕ್ಕೆ ಇನ್ನು ಮೂರು ದಿನ ಕಾಯಕ್ಕಾಗಲ್ವಾ?” ಎಂದಳು ಪುಟ್ಟಸಿದ್ದಮ್ಮ. ಹಾಗೆಂದರೂ, ನಕ್ಷತ್ರ ಕೈತಪ್ಪಿಹೋದೀತೆಂಬ ಭಯ ಅವಳಿಗೂ ಇತ್ತು.

ಬುಟ್ಟಿ ಎಳೆಯಲು ಹೋದ ವಾಮನಮೂರ್ತಿಯವರ ಬೆರಳನ್ನು ಕೋಳಿ ಕುಕ್ಕಿತು. ಅವರು ಬೆರಳು ಚೀಪುತ್ತಾ ವರದಿ ಬರೆದರು: ‘ಸ್ಥಳದಲ್ಲಿ ಬೇರೊಂದು ಹೆರಿಗೆ ನಡೆಯುತ್ತಿರುವ ಕಾರಣ ನಕ್ಷತ್ರದ ಜನನವನ್ನು ಮೂರು ದಿನ ಮುಂದೂಡಲಾಗಿದೆ.’

ಸಂಜೆಯೊಳಗೆ ಮೇಲಿನ ಕಚೇರಿಯಿಂದ ಉತ್ತರ ಬಂತು: ‘ಒಪ್ಪಿದೆ. ತಾಯಿ ಮತ್ತು ಮರಿಗಳ ಕ್ಷೇಮ ತಿಳಿಸುವುದು.’

ಮೂರನೇ ದಿನ ಏಳೂ ಮರಿಗಳು ಹೊರಬಂದವು. ಪುಟ್ಟಸಿದ್ದಮ್ಮ ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು ಮೋಡದಾಚೆ ಹೊರಟಳು. ಚಿಂವ್‌ಚಿಂವ್ ಸದ್ದು ದೂರವಾಗುತ್ತಿದ್ದಂತೆ ಅವಳ ಬೆನ್ನ ಹಿಂದೆ ಮೋಡ ಮೆಲ್ಲಗೆ ಕುಸಿಯತೊಡಗಿತು.